ಫ್ರಿಡ್ಜಿನ ಬಾಗಿಲಲ್ಲೇ ಇರುವ ಜೀನ್ ತಂತ್ರಜ್ಞಾನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬರೆಯುವವರ ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ. ‘ಡಾಕ್ಟರು ಇನ್ಸುಲಿನ್ ಶುರು ಮಾಡಬೇಕು ಅಂದಿದ್ದಾರೆ. ಅದನ್ನು ಹಂದಿಯಿಂದ ತೆಗೆಯುತ್ತಾರಂತೆ, ನಿಜವೇ? ನಾವು ಸಸ್ಯಾಹಾರಿಗಳು.’ ಈಚೆಗೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ: ‘ಈಗ ಜೀನ್ ಬದಲಾಯಿಸಿ ಮಾಡುತ್ತಾರಂತೆ. ಹಾಗಾದರೆ ಅದನ್ನು ಚುಚ್ಚಿಕೊಂಡರೆ ನಮ್ಮ ಜೀನೂ ಬದಲಾಗುತ್ತದೆಯೇ? ಮುಂದೆ ಮಕ್ಕಳಿಗೇನಾದರೂ ತೊಂದರೆಯೇ?’ ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಆದರೆ ಬರೀ ‘ಇಲ್ಲ’ ಎಂದರೆ ಯಾರ ಅಳುಕೂ ಹೋಗುವುದಿಲ್ಲ. ಅಳುಕಿನಿಂದ ಇನ್ಸುಲಿನ್ ಮುಂದೂಡಿ, ಕಣ್ಣು ಮಂಜಾದ ಮೇಲೆ, ಕಾಲಿನ ಗಾಯ ಕೊಳೆತ ಮೇಲೆ ಆಸ್ಪತ್ರೆಗೆ ಓಡಿದವರನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಈ ವಾರ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಂದಿಯ ಮಾತು ಗಾಳಿಸುದ್ದಿಯಲ್ಲ. ಒಂದು ಕಾಲದಲ್ಲಿ ಅದು ಅಕ್ಷರಶಃ ನಿಜವಾಗಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟಾಗ, ಅದನ್ನು ತೆಗೆದದ್ದು ದನದ ಮೇದೋಜೀರಕ ಗ್ರಂಥಿಯಿಂದ. ಅಲ್ಲಿಯವರೆಗೆ ಮಕ್ಕಳಿಗೆ ಮಧುಮೇಹ ಬಂತೆಂದರೆ ಸಾವು ಖಚಿತ. ಔಷಧವನ್ನು ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಅದರ ಪೇಟೆಂಟನ್ನು ತಲಾ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಆಮೇಲಿನ 60 ವರ್ಷ ಜಗತ್ತಿನ ಮಧುಮೇಹಿಗಳು ಬದುಕಿದ್ದು ಕಸಾಯಿಖಾನೆಗಳ ಆಸರೆಯಲ್ಲಿ. ಎಂಟು ಔನ್ಸ್, ಅಂದರೆ ಸುಮಾರು 225 ಗ್ರಾಂ ಶುದ್ಧ ಇನ್ಸುಲಿನ್ ತೆಗೆಯಲು ಎರಡು ಟನ್ ಹಂದಿಯ ಅಂಗಾಂಶ ಬೇಕಾಗುತ್ತಿತ್ತು ಎಂಬ ಲೆಕ್ಕವಿದೆ. ಒಂದು ಗ್ರಾಮಿಗೆ ಎಂಟು-ಒಂಬತ್ತು ಕಿಲೋ ಎಂದಾಯಿತು. ದಿನಕ್ಕೆ 40 ಯೂನಿಟ್ ತೆಗೆದುಕೊಳ್ಳುವ ಒಬ್ಬರಿಗೆ ಒಂದು ಗ್ರಾಂ ಇನ್ಸುಲಿನ್ ಹೆಚ್ಚುಕಡಿಮೆ ಎರಡು ವರ್ಷ ಸಾಕು. ಅಷ್ಟು ಸೂಕ್ಷ್ಮ ಪ್ರಮಾಣದ ವಸ್ತುವಿಗೆ ಅಷ್ಟೊಂದು ಪ್ರಾಣಿಗಳು.

ನನ್ನ ದೊಡ್ಡಮ್ಮ ಆ ಕಾಲದವರು. ಗಾಜಿನ ಸಿರಿಂಜನ್ನು ಬೆಳಿಗ್ಗೆ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಕುದಿಸಿ, ಆರಿಸಿ, ತೊಡೆಗೆ ತಾವೇ ಚುಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಫ್ರಿಡ್ಜ್ ಇರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಔಷಧದ ಸೀಸೆ ಇರುತ್ತಿತ್ತು. ಮಡಿ-ಮೈಲಿಗೆಯಲ್ಲಿ ಬಿಗಿಯಾಗಿದ್ದ ಆ ಮನೆಯಲ್ಲಿ ಸೀಸೆಯಲ್ಲಿರುವುದು ಏನು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಅವರ ತೊಡೆಯ ಮೇಲೆ ಹೆಬ್ಬೆರಳು ಇಳಿಯುವಷ್ಟು ಗುಳಿಗಳು ಬಿದ್ದವು. ಚುಚ್ಚಿದ ಜಾಗದ ಕೊಬ್ಬು ಕರಗಿಹೋಗಿತ್ತು. ಪ್ರಾಣಿಜನ್ಯ ಇನ್ಸುಲಿನ್ ಬಳಸಿದ ಬಹಳ ಜನರಿಗೆ ಹೀಗಾಗುತ್ತಿತ್ತು. ಹಂದಿಯ ಇನ್ಸುಲಿನ್ ನಮ್ಮದನ್ನು ಹೋಲುತ್ತದಾದರೂ ಪೂರ್ತಿ ನಮ್ಮದಲ್ಲ. ಇನ್ಸುಲಿನ್ ಎಂಬುದು 51 ಅಮೈನೋ ಆಮ್ಲಗಳ ಜೋಡಿ ಸರಪಳಿ. ಅದರ ಜೋಡಣೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಹಂದಿಯದ್ದಕ್ಕೂ ನಮ್ಮದಕ್ಕೂ ಒಂದು ಅಮೈನೋ ಆಮ್ಲದ ವ್ಯತ್ಯಾಸ, ದನದ್ದಕ್ಕೂ ನಮ್ಮದಕ್ಕೂ ಮೂರರ ವ್ಯತ್ಯಾಸ. ಇದರ ಜೊತೆಗೆ ಗ್ರಂಥಿಯ ಬೇರೆ ಕಲ್ಮಶಗಳೂ ಉಳಿದಿರುತ್ತಿದ್ದವು. ಅವನ್ನೆಲ್ಲ ನಮ್ಮ ದೇಹದ ಕಾವಲು ವ್ಯವಸ್ಥೆ ಪರಕೀಯ ಎಂದು ಗುರುತಿಸಿ ತಿರುಗಿಬೀಳುತ್ತಿತ್ತು.

ಇದನ್ನು ಬದಲಿಸಿದ ಪ್ರಯೋಗ ನಡೆದದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಅವರಿಗೆ ಆಗ ಇನ್ಸುಲಿನ್ ಗುರಿಯಾಗಿರಲಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ಡಿಎನ್‌ಎ ಜೊತೆಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳೂ ಇರುತ್ತವೆ. ವೈರಸ್‌ಗಳಿಂದ ರಕ್ಷಿಸಿಕೊಳ್ಳಲು ಬ್ಯಾಕ್ಟೀರಿಯಾಗಳೇ ಬೆಳೆಸಿಕೊಂಡ ಕೆಲವು ಕಿಣ್ವಗಳಿವೆ. ಅವು ಡಿಎನ್‌ಎಯನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುವುದಿಲ್ಲ. ಒಂದು ನಿರ್ದಿಷ್ಟ ಅಕ್ಷರ ಸಾಲು ಕಂಡಲ್ಲಿ ಮಾತ್ರ ಕತ್ತರಿಸುತ್ತವೆ. ಬಾಯರ್ ಪ್ರಯೋಗಾಲಯದಲ್ಲಿದ್ದ ಇಕೋ-ಆರ್-ಒನ್ ಎಂಬ ಕಿಣ್ವ ಜಿ-ಎ-ಎ-ಟಿ-ಟಿ-ಸಿ ಎಂಬ ಆರಕ್ಷರದ ಸಾಲನ್ನೇ ಹುಡುಕಿ ಕತ್ತರಿಸುತ್ತದೆ. ಅದೂ ಓರೆಯಾಗಿ, ಎರಡು ತುದಿಗಳಲ್ಲಿ ನಾಲ್ಕಕ್ಷರದ ಎಳೆ ಚಾಚಿಕೊಂಡಿರುವ ಹಾಗೆ. ಅದೇ ಕಿಣ್ವದಿಂದ ಕತ್ತರಿಸಿದ ಬೇರೆ ಯಾವ ಡಿಎನ್‌ಎ ತುಣುಕನ್ನು ಹತ್ತಿರ ತಂದರೂ ಎಳೆಗೆ ಎಳೆ ಕೂಡಿಕೊಳ್ಳುತ್ತದೆ, ಇನ್ನೊಂದು ಕಿಣ್ವ ಬೆಸುಗೆ ಹಾಕುತ್ತದೆ. ಹೀಗೆ ಹೊಸ ತುಣುಕು ಸೇರಿದ ಉಂಗುರವನ್ನು ಬ್ಯಾಕ್ಟೀರಿಯಾದೊಳಕ್ಕೆ ಮತ್ತೆ ಸೇರಿಸಿದರೆ, ಅದು ಒಂದು ಎರಡಾಗುವಾಗ, ಎರಡು ನಾಲ್ಕಾಗುವಾಗ ಆ ತುಣುಕೂ ಜೊತೆಜೊತೆಗೇ ನಕಲಾಗುತ್ತ ಹೋಗುತ್ತದೆ. ಡಿಎನ್‌ಎಯ ಅಕ್ಷರಗಳನ್ನು ಬ್ಯಾಕ್ಟೀರಿಯಾ, ಯೀಸ್ಟ್, ಆನೆ, ಮನುಷ್ಯ ಎಲ್ಲರ ಜೀವಕೋಶವೂ ಒಂದೇ ರೀತಿ ಓದುತ್ತದೆ. ಮನುಷ್ಯನ ಪ್ರೋಟೀನಿನ ಸೂಚನೆ ಕೊಟ್ಟರೆ ಬ್ಯಾಕ್ಟೀರಿಯಾ ಅದನ್ನು ಪಾಲಿಸುತ್ತದೆ. ಇಡೀ ತಂತ್ರಜ್ಞಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಬಾಯರ್ 1976ರಲ್ಲಿ ಜೆನೆಂಟೆಕ್ ಎಂಬ ಕಂಪನಿ ಕಟ್ಟಿದರು. ಎರಡೇ ವರ್ಷದಲ್ಲಿ, 1978ರಲ್ಲಿ, ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ಮಾಡಿಸಿದರು. ಇಲ್ಲೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಆ ಇನ್ಸುಲಿನ್ ಜೀನನ್ನು ಯಾವ ಮನುಷ್ಯನ ದೇಹದಿಂದಲೂ ತೆಗೆದಿರಲಿಲ್ಲ. ಮಾನವ ಇನ್ಸುಲಿನ್ನಿನ 51ರ ಸಾಲು ಗೊತ್ತಿತ್ತಲ್ಲ, ಅದಕ್ಕೆ ಯಾವ ಅಕ್ಷರಗಳು ಬೇಕೆಂದು ಲೆಕ್ಕಹಾಕಿ, ಸಿಟಿ ಆಫ್ ಹೋಪ್ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ಆ ಜೀನನ್ನು ಅಕ್ಷರಕ್ಕೆ ಅಕ್ಷರ ಪೋಣಿಸಿ ಕಟ್ಟಿದರು. 1982ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು. ಜೀನ್ ತಂತ್ರಜ್ಞಾನದಿಂದ ಮಾಡಿ ಮನುಷ್ಯರಿಗೆ ಕೊಟ್ಟ ಮೊದಲ ಔಷಧ ಅದು.

ಜೀನ್ ಸೇರಿಸಿದ ಮೇಲೆ ಕಾರ್ಖಾನೆಯ ಕೆಲಸ ಹೇಗಿರುತ್ತದೆ ಎಂದು ನೋಡುವ ಅವಕಾಶ ಬೆಂಗಳೂರಿನ ಹೊರವಲಯದ ಒಂದು ಘಟಕದಲ್ಲಿ ನನಗೆ ಸಿಕ್ಕಿತ್ತು. ಅಲ್ಲಿ ಬ್ಯಾಕ್ಟೀರಿಯಾ ಬದಲು ದುಡಿಯುವುದು ಪಿಚಿಯಾ ಎಂಬ ಯೀಸ್ಟ್. ಮೊಬೈಲನ್ನು ಹೊರಗೇ ಇಡಿಸಿಕೊಂಡರು. ಕಾರಣ, ಈ ಯೀಸ್ಟಿಗೆ ಕೊಡುವ ಮೆಥನಾಲ್ ಥಟ್ಟನೆ ಹೊತ್ತಿಕೊಳ್ಳುವ ದ್ರವ. ಎರಡಾಳೆತ್ತರದ ಸ್ಟೀಲ್ ಫರ್ಮೆಂಟರುಗಳು, ಗೋಡೆ ತುಂಬ ಪೈಪುಗಳು, ಪರದೆಯ ಮೇಲೆ ಉಷ್ಣತೆ, ಆಮ್ಲಜನಕದ ಅಂಕಿಗಳು. ಉಷ್ಣತೆ 30 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ‘ಇವಕ್ಕೆ ಸೆಕೆ ಆಗಬಾರದು ಸಾರ್’ ಎಂದು ಅಲ್ಲಿನ ಹುಡುಗ ತನ್ನ ಹಟ್ಟಿಯ ಹಸುಗಳ ಬಗ್ಗೆ ಹೇಳುವಷ್ಟೇ ಕಾಳಜಿಯಿಂದ ಹೇಳಿದ. ಕೆಲಸ ಶುರುವಾಗುವುದು ಕಿರುಬೆರಳಿನ ಗಾತ್ರದ ಸೀಸೆಯಲ್ಲಿ ಹೆಪ್ಪುಗಟ್ಟಿಸಿಟ್ಟ ಯೀಸ್ಟಿನಿಂದ. ಅದನ್ನು ಫ್ಲಾಸ್ಕಿಗೆ, ಅಲ್ಲಿಂದ ಸಣ್ಣ ತೊಟ್ಟಿಗೆ, ಅಲ್ಲಿಂದ ದೊಡ್ಡ ತೊಟ್ಟಿಗೆ ಬೆಳೆಸುತ್ತ ಹೋಗುತ್ತಾರೆ. ತೊಟ್ಟಿ ತುಂಬ ಯೀಸ್ಟ್ ಬೆಳೆದ ಮೇಲೆ ಮೆಥನಾಲ್ ಹರಿಸುತ್ತಾರೆ. ಇನ್ಸುಲಿನ್ ಜೀನಿನ ಮುಂದೆ, ಮೆಥನಾಲ್ ಸಿಕ್ಕಾಗ ಮಾತ್ರ ಚಾಲೂ ಆಗುವ ಒಂದು ಸ್ವಿಚ್ಚನ್ನು ಮೊದಲೇ ಕೂರಿಸಿರುತ್ತಾರೆ. ಅಲ್ಲಿಂದ ಯೀಸ್ಟ್ ಇನ್ಸುಲಿನ್ನಿನ ಪೂರ್ವರೂಪವನ್ನು ತಯಾರಿಸಿ ಹೊರಗಿನ ದ್ರವಕ್ಕೆ ಬಿಡತೊಡಗುತ್ತದೆ.

ಈ ಹಂತದಲ್ಲೇ ಓದುಗರ ಎರಡನೇ ಪ್ರಶ್ನೆಗೆ ಉತ್ತರವಿದೆ. ಯೀಸ್ಟನ್ನು ಸೋಸಿ ಬೇರ್ಪಡಿಸುತ್ತಾರೆ. ಜೀನ್ ಇರುವುದು ಆ ಯೀಸ್ಟಿನೊಳಗೆ. ದ್ರವದಲ್ಲಿ ಉಳಿದದ್ದನ್ನು ಕಿಣ್ವದಿಂದ ಕತ್ತರಿಸಿ ನಿಜವಾದ ಇನ್ಸುಲಿನ್ ಮಾಡಿ, ಹಂತಹಂತವಾಗಿ ಶುದ್ಧಗೊಳಿಸಿ, ಸತುವಿನ ಜೊತೆ ಹರಳುಗಟ್ಟಿಸುತ್ತಾರೆ. ಕೊನೆಗೆ ಕೈಗೆ ಬರುವುದು ಬೆಳ್ಳನೆಯ ಪುಡಿ. ಅದರಲ್ಲಿರುವುದು ಪ್ರೋಟೀನ್. ನಿಮ್ಮ ಹೊಟ್ಟೆಯ ಚರ್ಮದಡಿ ಇಳಿಯುವುದೂ ಅದೇ, ರಕ್ತದಲ್ಲಿ ತನ್ನ ಕೆಲಸ ಮುಗಿಸಿ ಮುರಿದುಹೋಗುವುದೂ ಅದೇ. ಅದು ಪ್ರೋಟೀನ್ ಆದ್ದರಿಂದಲೇ ಮಾತ್ರೆಯಾಗಿ ನುಂಗಲಾಗದು. ಬೇಳೆಯ ಪ್ರೋಟೀನಿನಂತೆ ಹೊಟ್ಟೆ ಅದನ್ನೂ ಜೀರ್ಣಿಸಿಬಿಡುತ್ತದೆ. ಫ್ರೀಜರಿನಲ್ಲಿ ಇಟ್ಟರೆ ಕೆಡುತ್ತದೆ ಎನ್ನುವುದಕ್ಕೂ ಇದೇ ಕಾರಣ. ಹಾಗಾಗಿ ಔಷಧದಂಗಡಿಯ ಪೆಟ್ಟಿಗೆಯ ಮೇಲೆ ‘ಆರ್‌ಡಿಎನ್‌ಎ’ ಎಂಬ ಮುದ್ರಣ ಕಂಡರೆ ಗಾಬರಿಯಾಗಬೇಡಿ. ಇದು ಪ್ರಾಣಿಯಿಂದ ತೆಗೆದದ್ದಲ್ಲ, ಈ ವಿಧಾನದಿಂದ ಮಾಡಿದ್ದು ಎಂದಷ್ಟೇ ಅದರ ಅರ್ಥ.

ಬೆಂಗಳೂರಿಗೂ ಈ ಕಥೆಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವಂಥದ್ದೇ. ಕ್ಯಾಲಿಫೋರ್ನಿಯಾದಲ್ಲಿ ಬ್ಯಾಕ್ಟೀರಿಯಾ ಇನ್ಸುಲಿನ್ ತಯಾರಿಸಿದ ಅದೇ 1978ರಲ್ಲಿ ಇಲ್ಲಿ ಕಿರಣ್ ಮಜುಂದಾರ್ ಬಯೋಕಾನ್ ಶುರು ಮಾಡಿದರು. ಆಗ ಅವರು ತಯಾರಿಸುತ್ತಿದ್ದದ್ದು ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೇನ್‌ನಂಥ ಕಿಣ್ವಗಳನ್ನು. ಕಿಣ್ವ, ಹುದುಗುವಿಕೆ, ಶುದ್ಧೀಕರಣ, ಈ ಕೈಕೆಲಸವೇ ಮುಂದೆ ಇನ್ಸುಲಿನ್ ತಯಾರಿಗೆ ಒದಗಿಬಂತು. 2004ರಲ್ಲಿ ಪಿಚಿಯಾದಿಂದ ಮಾಡಿದ ಅವರ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಇವತ್ತು ಬೆಲೆ ನಿಯಂತ್ರಣದಡಿ ಬರುವ ಸಾಧಾರಣ ಮಾನವ ಇನ್ಸುಲಿನ್ನಿನ 10 ಎಂಎಲ್ ಸೀಸೆ ನಮ್ಮಲ್ಲಿ ಸುಮಾರು 150 ರೂಪಾಯಿಗೆ ಸಿಗುತ್ತದೆ.

ತಂತ್ರಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಜೀನನ್ನು ಬರೆಯಲು ಬಂದ ಮೇಲೆ ತಿದ್ದಲೂ ಬಂತು. ದಿನಕ್ಕೊಮ್ಮೆ ತೆಗೆದುಕೊಳ್ಳುವ ಗ್ಲಾರ್ಜಿನ್ ಇನ್ಸುಲಿನ್ ಅನೇಕರಿಗೆ ಪರಿಚಿತ. ಸಹಜ ಇನ್ಸುಲಿನ್ನಿನ ಒಂದು ಅಮೈನೋ ಆಮ್ಲ ಬದಲಿಸಿ, ತುದಿಗೆ ಇನ್ನೆರಡು ಸೇರಿಸಿದರೆ ಗ್ಲಾರ್ಜಿನ್. ಸೀಸೆಯೊಳಗಿನ ಹುಳಿ ದ್ರವದಲ್ಲಿ ಅದು ಕರಗಿರುತ್ತದೆ. ಚರ್ಮದಡಿ ಹೋದೊಡನೆ ಹುಳಿ ತಗ್ಗಿ, ಸಣ್ಣ ಸಣ್ಣ ಕಣಗಳಾಗಿ ಅಲ್ಲೇ ಕೂತು, ದಿನವಿಡೀ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅಕ್ಕಪಕ್ಕದ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲು ಮಾಡಿದರೆ ಸಿಗುವುದು ಲಿಸ್ಪ್ರೋ. ಅದು ಬೇಗ ಕೆಲಸ ಮಾಡುವುದರಿಂದ ತಟ್ಟೆಯ ಮುಂದೆ ಕೂತಾಗಲೇ ತೆಗೆದುಕೊಳ್ಳಬಹುದು. ಮೊದಲಿನ ಹಾಗೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಂಡು ಊಟಕ್ಕೆ ಕಾಯಬೇಕಿಲ್ಲ.

ಜನರಿಗೆ ಭಯ ಯಾಕೆ ಎಂದು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ‘ಕುಲಾಂತರಿ’ ಎಂದೊಡನೆ ನೆನಪಾಗುವುದು ಬಿಟಿ ಹತ್ತಿ, ಬಿಟಿ ಬದನೆ, 2010ರಲ್ಲಿ ಬದನೆಗೆ ಬಿದ್ದ ತಡೆ. ಹೊಲದಲ್ಲಿ ಬೆಳೆಯುವ ಗಿಡದ ಪರಾಗ ಗಾಳಿಯಲ್ಲಿ ಹಾರುತ್ತದೆ, ಬೀಜದ ಒಡೆತನದ ಪ್ರಶ್ನೆ ಬರುತ್ತದೆ. ಅದು ಬೇರೆಯದೇ ಚರ್ಚೆ, ಅಲ್ಲಿ ರೈತರು ಎತ್ತಿದ ಪ್ರಶ್ನೆಗಳಿಗೆ ತೂಕವಿದೆ. ಮುಚ್ಚಿದ ತೊಟ್ಟಿಯಲ್ಲಿ ಬೆಳೆದು, ಕೆಲಸ ಮುಗಿದ ಮೇಲೆ ಕೊಲ್ಲಲ್ಪಡುವ ಯೀಸ್ಟಿಗೆ ಆ ಚರ್ಚೆಯನ್ನು ಹಾಗೇ ಅಂಟಿಸಲಾಗದು. ಭಯ ವಿಜ್ಞಾನಿಗಳಿಗೂ ಇತ್ತು. ಕೋಹೆನ್-ಬಾಯರ್ ಪ್ರಯೋಗದ ಎರಡು ವರ್ಷದೊಳಗೆ, 1975ರ ಫೆಬ್ರುವರಿಯಲ್ಲಿ, ಪಾಲ್ ಬರ್ಗ್ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳು ಸೇರಿ ತಮ್ಮ ಪ್ರಯೋಗಗಳಿಗೆ ತಾವೇ ಕಡಿವಾಣ ಹಾಕಿಕೊಂಡರು. ಮರುವರ್ಷ ಹಾರ್ವರ್ಡ್ ಇರುವ ಕೇಂಬ್ರಿಜ್ ನಗರದ ಸಭೆ ಇಂಥ ಕೆಲವು ಪ್ರಯೋಗಗಳನ್ನು ಕೆಲಕಾಲ ತಡೆದೇ ಬಿಟ್ಟಿತು. ಆ ಎಚ್ಚರದಿಂದ ಹುಟ್ಟಿದ ನಿಯಮಗಳೇ ಇಂದಿನ ಪ್ರಯೋಗಾಲಯಗಳನ್ನು ಕಾಯುತ್ತಿವೆ. ನಮ್ಮಲ್ಲೂ 1989ರ ನಿಯಮಗಳಡಿ ಇಂಥ ಕೆಲಸ ನಡೆಸುವ ಪ್ರತಿ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು.

ಈ ತಂತ್ರದಿಂದ ಬಂದದ್ದು ಇನ್ಸುಲಿನ್ ಒಂದೇ ಅಲ್ಲ. ಬಾಣಂತಿಯರ ತಾಯಿ ಕಾರ್ಡ್ ತೆಗೆದು ನೋಡಿ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಹೆಪಟೈಟಿಸ್-ಬಿ ಲಸಿಕೆ, ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲಿರುವ ಅದರ ಭಾಗ, ಎರಡೂ ಯೀಸ್ಟಿನ ಕೊಡುಗೆಯೇ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನನ್ನಷ್ಟೇ ಯೀಸ್ಟಿನಿಂದ ಮಾಡಿಸಿ ಕೊಡುತ್ತಾರೆ, ವೈರಸ್ ಅಲ್ಲಿರುವುದೇ ಇಲ್ಲ. ಅದಕ್ಕೆ ಮೊದಲು ಈ ಲಸಿಕೆಯನ್ನು ಸೋಂಕಿತರ ರಕ್ತದಿಂದಲೇ ತಯಾರಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಆಮದಾಗುತ್ತಿದ್ದ ಲಸಿಕೆಯ ಒಂದು ಡೋಸಿಗೆ ನೂರಾರು ರೂಪಾಯಿ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ತನ್ನದೇ ಲಸಿಕೆಯನ್ನು 50 ರೂಪಾಯಿಯ ಆಸುಪಾಸಿಗೆ ಕೊಟ್ಟಿತು. ವರಪ್ರಸಾದ್ ರೆಡ್ಡಿ ಎಂಬ ಎಂಜಿನಿಯರ್ ಕಟ್ಟಿದ ಕಂಪನಿ ಅದು. ಲಸಿಕೆಯ ತಂತ್ರ ಅಮೆರಿಕದಲ್ಲಿ 1986ರಲ್ಲೇ ಸಿದ್ಧವಾಗಿತ್ತು. ಅದು ನಮ್ಮ ಅಂಗನವಾಡಿಯ ಕೂಸಿನ ತೊಡೆಯವರೆಗೆ ಬರಲು ಬೇಕಾಗಿದ್ದದ್ದು ಕೈಗೆಟುಕುವ ಬೆಲೆ.

ಈಗ ಸುದ್ದಿಯಲ್ಲಿರುವ ಹೊಸ ಜೀನ್ ಚಿಕಿತ್ಸೆಗಳ ವಿಷಯದಲ್ಲೂ ನನ್ನನ್ನು ಕಾಡುವುದು ಈ ಬೆಲೆಯೇ. ಇಲ್ಲಿ ಮಾತ್ರ ರೋಗಿಯ ಸ್ವಂತ ಜೀವಕೋಶದ ಜೀನೇ ಬದಲಾಗುತ್ತದೆ. ಕುಡಗೋಲು ಕಣ ಕಾಯಿಲೆ, ಅಂದರೆ ಸಿಕಲ್ ಸೆಲ್, ಇದಕ್ಕೆ ಒಳ್ಳೆಯ ಉದಾಹರಣೆ. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ದುಂಡಗಿನ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪದೇ ಪದೇ ಮೂಳೆ ಮುರಿಯುವಂಥ ನೋವು, ಸದಾ ಕಾಡುವ ರಕ್ತಹೀನತೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ. ಸೋಲಿಗರು, ಜೇನುಕುರುಬರು, ಯರವರ ನಡುವೆಯೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಈ ಕಾಯಿಲೆಯ ಜೊತೆ ದಶಕಗಳಿಂದ ಸೆಣಸುತ್ತಿದೆ.

ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ 2012ರಲ್ಲಿ ತೋರಿಸಿಕೊಟ್ಟ ಕ್ರಿಸ್ಪರ್ ತಂತ್ರ, ಬೇಕಾದ ಜಾಗವನ್ನು ಹುಡುಕಿ ಡಿಎನ್‌ಎ ಕತ್ತರಿಸುತ್ತದೆ. ಹಳೆಯ ಕಿಣ್ವಕ್ಕೆ ಆರಕ್ಷರದ ಗುರುತು, ಇದಕ್ಕೆ ಇಪ್ಪತ್ತರ ಆಸುಪಾಸಿನ ಅಕ್ಷರಗಳ ಗುರುತು, ಅದೂ ನಾವು ಬರೆದುಕೊಟ್ಟ ಗುರುತು. ಸಿಕಲ್ ಸೆಲ್‌ಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ಕೆಟ್ಟ ಅಕ್ಷರವನ್ನು ತಿದ್ದುವುದಿಲ್ಲ. ಗರ್ಭದಲ್ಲಿರುವಾಗ ನಮಗೆಲ್ಲ ಬೇರೊಂದು ಹಿಮೋಗ್ಲೋಬಿನ್ ಇರುತ್ತದೆ, ಹುಟ್ಟಿದ ಮೇಲೆ ಅದು ನಿಂತುಹೋಗುತ್ತದೆ. ಆ ನಿಲುಗಡೆಯ ಸ್ವಿಚ್ಚನ್ನು ಕತ್ತರಿಸಿ, ಶಿಶುವಿನ ಹಿಮೋಗ್ಲೋಬಿನ್ ಮತ್ತೆ ಹರಿಯುವಂತೆ ಮಾಡುತ್ತಾರೆ. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ತಿದ್ದಿ, ಕೀಮೋಥೆರಪಿಯಿಂದ ಹಳೆಯವನ್ನು ತೆರವುಗೊಳಿಸಿ, ಹೊಸವನ್ನು ಮರಳಿ ಸೇರಿಸಬೇಕು. ತಿಂಗಳುಗಟ್ಟಲೆಯ ಕಷ್ಟದ ಚಿಕಿತ್ಸೆ. ಪ್ರಯೋಗದಲ್ಲಿ ಲೆಕ್ಕಕ್ಕೆ ತೆಗೆದುಕೊಂಡ 31 ಮಂದಿಯಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿಯೇ ಬರಲಿಲ್ಲ. ಬದಲಾದದ್ದು ಆ ವ್ಯಕ್ತಿಯ ರಕ್ತದ ಕೋಶಗಳು ಮಾತ್ರ, ಮಕ್ಕಳಿಗೆ ಅದು ದಾಟುವುದಿಲ್ಲ. ಭ್ರೂಣದ ಜೀನನ್ನೇ ತಿದ್ದುವುದು ಬೇರೆ ಮಾತು. 2018ರಲ್ಲಿ ಚೀನಾದಲ್ಲಿ ಹಾಗೆ ಮಾಡಿದ ಹೆ ಜಿಯಾನ್‌ಕ್ವಿಗೆ ಜೈಲಾಯಿತು. ನಮ್ಮ ಐಸಿಎಂಆರ್ ಮಾರ್ಗಸೂಚಿಯೂ ಅದನ್ನು ನಿಷೇಧಿಸಿದೆ. ಆ ಗೆರೆ ಹಾಗೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾಸ್ಜೆವಿಗೆ ಅಮೆರಿಕದ ಬೆಲೆ 22 ಲಕ್ಷ ಡಾಲರ್. ಹಾಡಿಯಲ್ಲಿರುವ ಒಬ್ಬ ಸೋಲಿಗ ಹುಡುಗಿಯ ಮಟ್ಟಿಗೆ ಅದು ಇಲ್ಲದ ಔಷಧ. ಆದರೆ ದಾರಿ ಇಲ್ಲದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ, ರಕ್ತದ ಕೆಲವು ಕ್ಯಾನ್ಸರುಗಳಿಗೆ ರೋಗಿಯ ಪ್ರತಿರೋಧ ಕೋಶಗಳನ್ನೇ ತಿದ್ದಿ ಕೊಡುವ ನೆಕ್ಸ್‌ಕಾರ್19 ಚಿಕಿತ್ಸೆ, ಹೊರಗೆ ಮೂರು-ನಾಲ್ಕು ಕೋಟಿ ಆಗುವುದನ್ನು ಇಲ್ಲಿ ಸುಮಾರು 40 ಲಕ್ಷಕ್ಕೆ ಇಳಿಸಿತು. ಅದೂ ಬಡವರಿಗೆ ದೂರವೇ, ಆದರೂ ಇಳಿದದ್ದು ಎಂಟು-ಹತ್ತು ಪಟ್ಟು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಹಿಮೋಫಿಲಿಯಾದ ಐವರು ರೋಗಿಗಳಿಗೆ ಜೀನ್ ಚಿಕಿತ್ಸೆ ಕೊಟ್ಟು 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಸಿಕಲ್ ಸೆಲ್‌ಗೆ ದೆಹಲಿಯ ಸರ್ಕಾರಿ ಪ್ರಯೋಗಾಲಯ ಐಜಿಐಬಿ ರೂಪಿಸಿದ ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಗೆ ಬುಡಕಟ್ಟು ನಾಯಕ ಬಿರ್ಸಾ ಮುಂಡಾ ಅವರ ನೆನಪಿನಲ್ಲಿ ‘ಬಿರ್ಸಾ 101’ ಎಂದು ಹೆಸರಿಟ್ಟಿದ್ದಾರೆ. ಇಂಥ ಸರ್ಕಾರಿ ಪ್ರಯೋಗಾಲಯಗಳಿಗೆ ಹಣ ಕೊಡುವುದರಲ್ಲಿ ಕೈ ಬಿಗಿಹಿಡಿಯಬಾರದು.

ಅಂಥ ಚಿಕಿತ್ಸೆ ಕೈಗೆಟುಕುವವರೆಗೆ ಈಗಿರುವುದನ್ನಾದರೂ ತಲುಪಿಸಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧವಿದೆ. ಅದೂ ಶಿಶುವಿನ ಹಿಮೋಗ್ಲೋಬಿನ್ನನ್ನೇ ಹೆಚ್ಚಿಸುತ್ತದೆ, ನೋವಿನ ದಾಳಿಗಳನ್ನು ತಗ್ಗಿಸುತ್ತದೆ. ವೈದ್ಯರ ನಿಗಾ, ಆಗಾಗ ರಕ್ತಪರೀಕ್ಷೆ ಬೇಕು. ಕಾಡಂಚಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ತಪ್ಪದೇ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಅಡಿ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನವರಿಗೆ ತಪಾಸಣೆ ನಡೆಯುತ್ತಿದೆ. ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ನಿಮ್ಮ ಊರಿನ ಹತ್ತಿರ ಹಾಡಿಯಿದ್ದರೆ, ಅಲ್ಲಿ ನಿಮಗೆ ಪರಿಚಯದವರಿದ್ದರೆ, ಮದುವೆಗೆ ಮುಂಚೆ ಈ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯಲ್ಲಿ ಇನ್ಸುಲಿನ್ ಬೇಡವೆಂದು ಹಟ ಹಿಡಿದ ಹಿರಿಯರಿದ್ದರೆ ಈ ಬರಹವನ್ನು ಅವರಿಗೆ ಓದಿ ಹೇಳಿ. ಅದು ಯೀಸ್ಟ್, ಬ್ಯಾಕ್ಟೀರಿಯಾಗಳಿಂದ ಮಾಡಿಸಿದ ಔಷಧ. ಹಂದಿಯದ್ದೂ ಅಲ್ಲ, ನಿಮ್ಮ ಜೀನನ್ನು ಮುಟ್ಟುವುದೂ ಇಲ್ಲ.